ತುಂಟತನದ ಮಾತಿನಲ್ಲಿ ಕ್ರಿಯಾಪದದ ಜಾಣ್ಮೆ

ಸುಳ್ಳು, ಮೋಸ, ಚಾಡಿ, ಓಲೈಕೆಗಳಂಥ ನಿತ್ಯದ ನಡವಳಿಕೆಗೆ ಆಡುಗನ್ನಡದಲ್ಲಿ ಹುಟ್ಟಿಕೊಂಡಿರುವ ಹಾಸ್ಯದ ಪ್ರಯೋಗಗಳ ಚರ್ಚೆ ಬಂದಾಗಲೆಲ್ಲ ನಾವು ಬುರುಡೆ, ಟೋಪಿ, ಬಕೆಟ್ ಮುಂತಾದ ನಾಮಪದಗಳ ಬೆನ್ನು ಹತ್ತುತ್ತೇವೆ. ಅವುಗಳ ನಿಜವಾದ ಜಾಣ್ಮೆ ಜೊತೆಗೆ ಬರುವ ಕ್ರಿಯಾಪದದಲ್ಲಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬುರುಡೆ, ಓಳು, ರೀಲು, ಇವೆಲ್ಲವನ್ನೂ ಕನ್ನಡಿಗರು 'ಬಿಡುತ್ತಾರೆ', ಕಾಗೆಯನ್ನಾದರೆ 'ಹಾರಿಸುತ್ತಾರೆ'. ಬಾಯಿಂದ ಹೊರಟದ್ದು ಗಾಳಿಯಲ್ಲಿ ಹೋಗುತ್ತದೆಯೇ ಹೊರತು ಯಾರ ಮೇಲೂ ಬೀಳುವುದಿಲ್ಲ. ಆದ್ದರಿಂದಲೇ ಬುರುಡೆ ಬಿಡುವವನ ಮೇಲೆ ನಮಗೆ ಸಿಟ್ಟಿಗಿಂತ ಸಲಿಗೆ ಹೆಚ್ಚು. ಕೇಳಿದವನ ಗಂಟು ಕರಗಿತೋ, ಕೂಡಲೇ 'ಹಾಕು' ಬರುತ್ತದೆ: ಟೋಪಿ ಹಾಕಿದ, ಪಂಗನಾಮ ಹಾಕಿದ. "ರೀಲು ಬಿಡುತ್ತಾನೆ" ಎಂದರೆ ಮಾತು ಮುಗಿಯಿತು, "ಟೋಪಿ ಹಾಕಿದ" ಎಂದರೆ "ಯಾರಿಗೆ?" ಎಂಬ ಪ್ರಶ್ನೆ ಏಳದೆ ಇರದು.

ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು 'ಇಡು'. ಬತ್ತಿ ಇಡುವುದು, ಫಿಟ್ಟಿಂಗ್ ಇಡುವುದು, ಕಿವಿಯ ಮೇಲೆ ಹೂವು ಇಡುವುದು, ಈ ಮೂರರಲ್ಲಿಯೂ ಕೆಲಸ ಸದ್ದಿಲ್ಲದೆ ನಡೆದು, ಮಾಡಿದವನು ಜಾಗ ಖಾಲಿ ಮಾಡಿದ ಎಷ್ಟೋ ಹೊತ್ತಿನ ಮೇಲೆ ಪರಿಣಾಮ ಗೊತ್ತಾಗುತ್ತದೆ. ಇಂಗ್ಲಿಷಿನಿಂದ ಬಂದ ಪದಗಳಿಗೆ ನಾವು ಸಾಮಾನ್ಯವಾಗಿ 'ಮಾಡು' ಸೇರಿಸಿ ಸುಮ್ಮನಾಗುತ್ತೇವೆ. ಆದರೆ "ಫಿಟ್ಟಿಂಗ್ ಮಾಡಿದ" ಎಂದರೆ ನಲ್ಲಿ ಜೋಡಿಸಿದ ಎಂದಾಗುತ್ತದೆ, "ಫಿಟ್ಟಿಂಗ್ ಇಟ್ಟ" ಎಂದರೆ ಇಬ್ಬರ ನಡುವೆ ಜಗಳ ತಂದಿಟ್ಟ ಎಂದು. ಈ ವ್ಯತ್ಯಾಸವನ್ನು ಯಾವ ಮೇಷ್ಟರೂ ಕಲಿಸಲಿಲ್ಲ. ಆಡುವವರೇ ಬತ್ತಿಯ ಪಕ್ಕದಲ್ಲಿ ಫಿಟ್ಟಿಂಗಿಗೂ ಸ್ಥಾನ ಕೊಟ್ಟರು. ಇಂಥ ವಿವೇಕವಿರುವ ಮಾತನ್ನು ಪೋಲಿ ಭಾಷೆಯೆಂದು ತಳ್ಳಿಹಾಕುವವರನ್ನು ನಾನು ಒಪ್ಪಲಾರೆ.

ಓಲೈಕೆಯ ಪ್ರಯೋಗಗಳೆಲ್ಲ ಕೈಕೆಲಸದವು: ಬೆಣ್ಣೆ ಹಚ್ಚಬೇಕು, ಮಸ್ಕಾ ಹೊಡೆಯಬೇಕು, ಬಕೆಟ್ ಹಿಡಿದು ನಿಲ್ಲಬೇಕು.

ಇನ್ನು ತಪ್ಪಿಸಿಕೊಳ್ಳುವ ಕಲೆ. ಅಂಟಂಟಾದ ಚಳ್ಳೆಹಣ್ಣನ್ನು ಬೇರೆಯವರಿಗೆ ತಿನ್ನಿಸಿ ಓಡುವವನನ್ನು ಪತ್ರಿಕೆಗಳು ಇಂದಿಗೂ ಪ್ರೀತಿಯಿಂದ ವರ್ಣಿಸುತ್ತವೆ. ಅದೇ ಪತ್ರಿಕೆಗಳಲ್ಲಿ ಪರಾರಿಯಾದವನು 'ಕಂಬಿ ಕಿತ್ತ' ಎಂದಿರುತ್ತದೆ. ಸಿಕ್ಕಿಬಿದ್ದ ಮೇಲೆ ಅವನೇ 'ಕಂಬಿ ಎಣಿಸುತ್ತಿದ್ದಾನೆ'.