ವಾರ್ನಿಂಗ್ ಬರೆದ ಮೇಲೆ ಆ ಹುಡುಗ ಪಾಠ ಯಾವಾಗ ಕಲಿಯುತ್ತಾನೆ?

ಶುಕ್ರವಾರ, ಕೊನೆಯ ಪೀರಿಯಡ್, ಇಯರ್ 7, ಸೆಟ್ 4. ಇಂಗ್ಲೆಂಡಿನಲ್ಲಿ ಮೇಷ್ಟ್ರಾಗಿರುವವರಿಗೆ ಇಷ್ಟು ಹೇಳಿದರೆ ಸಾಕು, ಮಿಕ್ಕಿದ್ದು ಅವರೇ ಊಹಿಸಿಕೊಳ್ಳುತ್ತಾರೆ. ಬೇರೆಯವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಇಲ್ಲಿ ಹೆಚ್ಚಿನ ಸೆಕೆಂಡರಿ ಶಾಲೆಗಳಲ್ಲಿ ಗಣಿತಕ್ಕೆ ಮಕ್ಕಳನ್ನು ಅಂಕಗಳ ಮೇಲೆ ಗುಂಪು ಮಾಡುತ್ತಾರೆ. ಸೆಟ್ 1 ಅಂದರೆ ಜಾಣರು. ಸೆಟ್ 4 ಅಂದರೆ ಏನು ಅಂತ ಆ ಹನ್ನೊಂದು ವರ್ಷದ ಮಕ್ಕಳಿಗೂ ಚೆನ್ನಾಗಿ ಗೊತ್ತಿರುತ್ತದೆ.

ನಾನು ತಿಪಟೂರು ಕಡೆಯ ಹಳ್ಳಿ ಶಾಲೆಯಲ್ಲಿ ಓದಿದವನು. ನಮ್ಮ ಕಾಲಕ್ಕೆ ಶಿಸ್ತು ಅಂದರೆ ಹುಣಸೆ ಬರಲು, ಬಸ್ಕಿ, ಬಿಸಿಲಲ್ಲಿ ನಿಲ್ಲಿಸುವುದು. ಈಗ ಮಿಡ್‌ಲ್ಯಾಂಡ್ಸ್ ಕಡೆಯ ಒಂದು ಸರ್ಕಾರಿ ಸೆಕೆಂಡರಿ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಇಲ್ಲಿ ಹೊಡೆಯುವ ಮಾತೇ ಇಲ್ಲ, ಸರ್ಕಾರಿ ಶಾಲೆಗಳಲ್ಲಿ ಬೆತ್ತವನ್ನು 1986ರ ಕಾಯಿದೆಯಲ್ಲೇ ತೆಗೆದುಹಾಕಿದರು. ಅದರ ಜಾಗಕ್ಕೆ ಒಂದು ಮೆಟ್ಟಿಲು ಬಂದಿದೆ. ಮೊದಲು ಬಾಯಿಮಾತಿನ ಎಚ್ಚರಿಕೆ. ಎರಡನೇ ಸಲ ಕಂಪ್ಯೂಟರಿನಲ್ಲಿ ಎಂಟ್ರಿ. ಮೂರನೇ ಸಲ ಡಿಟೆನ್ಷನ್, ಅಂದರೆ ಬಿಡುವಿನಲ್ಲೋ ಶಾಲೆ ಬಿಟ್ಟ ಮೇಲೋ ಹಿಡಿದು ಕೂರಿಸುವುದು. ನಾಲ್ಕನೇ ಸಲ 'ಆನ್ ಕಾಲ್' ಬಟನ್ ಒತ್ತಿದರೆ ಒಬ್ಬ ಸೀನಿಯರ್ ಬಂದು ಮಗುವನ್ನು ಕರೆದುಕೊಂಡು ಹೋಗಿ ಐಸೊಲೇಷನ್ ರೂಮಿನಲ್ಲಿ, ಬೇರೆ ಮಕ್ಕಳಿಂದ ದೂರ, ಕೂರಿಸುತ್ತಾರೆ. ಮೆಟ್ಟಿಲು ಎಲ್ಲ ಕಡೆ ಹೀಗೇ ಇರಲ್ಲ, ಹೆಸರುಗಳೂ ಬೇರೆ ಬೇರೆ, ಆದರೆ ಒಟ್ಟು ರೀತಿ ಇದೇ. ನನಗೆ ಈ ಪದ್ಧತಿ ಬಹಳ ಹಿಡಿಸಿತ್ತು. ಕೈ ನೋಯಿಸಿಕೊಳ್ಳಬೇಕಾಗಿಲ್ಲ, ಗಂಟಲು ಹರಿದುಕೊಳ್ಳಬೇಕಾಗಿಲ್ಲ, ಎಲ್ಲ ಲೆಕ್ಕವೂ ಕಂಪ್ಯೂಟರಿನಲ್ಲಿ.

ಆಗ ಶಾಂಘೈ ಮೇಡಂ ಬಂದರು.

ಹಿನ್ನೆಲೆ ಸ್ವಲ್ಪ ಹೇಳಿಬಿಡುತ್ತೇನೆ. ಹಲವು ದೇಶಗಳ ಮಕ್ಕಳನ್ನು ಹೋಲಿಸುವ ಪೀಸಾ ಅನ್ನುವ ಪರೀಕ್ಷೆ ಇದೆ. 2012ರ ಪೀಸಾದಲ್ಲಿ ಶಾಂಘೈನ ಹದಿನೈದು ವರ್ಷದ ಮಕ್ಕಳು ಗಣಿತದಲ್ಲಿ 613 ತೆಗೆದು ಜಗತ್ತಿಗೇ ಮೊದಲಾದರು. ಬ್ರಿಟನ್ ತೆಗೆದದ್ದು 494. ಇಲ್ಲಿನ ಪತ್ರಿಕೆಗಳಲ್ಲಿ ಆಗ ಅದೇ ಗಲಾಟೆ. 2014ರಲ್ಲಿ ಶಿಕ್ಷಣ ಇಲಾಖೆಯ ಕಿರಿಯ ಮಂತ್ರಿಯಾಗಿದ್ದ ಲಿಝ್ ಟ್ರಸ್ (ಹೌದು, ಆಮೇಲೆ 49 ದಿನ ಪ್ರಧಾನಿಯಾಗಿದ್ದ ಅವರೇ) ಶಾಂಘೈಗೆ ಹೋಗಿ ಶಾಲೆಗಳನ್ನು ನೋಡಿ ಬಂದರು. ಅದೇ ವರ್ಷ ಶಿಕ್ಷಕರ ವಿನಿಮಯ ಶುರುವಾಯಿತು. ಅಲ್ಲಿಯ ಗಣಿತ ಶಿಕ್ಷಕರು ಇಲ್ಲಿಗೆ ಬಂದು ಪಾಠ ಮಾಡಬೇಕು, ಇಲ್ಲಿಯವರು ಅಲ್ಲಿಗೆ ಹೋಗಿ ನೋಡಬೇಕು. ಮೊದಲು ಪ್ರೈಮರಿಗೆ, ಆಮೇಲೆ ಸೆಕೆಂಡರಿಗೆ. ಹಾಗೆ ನಮ್ಮ ಪಾಲಿಗೆ ಬಂದವರು ಈ ಮೇಡಂ, ಎರಡು ವಾರಕ್ಕೆ. ಅವರಿಗೆ ಸಿಕ್ಕಿದ್ದು ನನ್ನ ಸೆಟ್ 4.

ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಖುಷಿ. ಈಗ ಗೊತ್ತಾಗುತ್ತೆ ಈ ಹುಡುಗರಿಗೆ, ನಿಜವಾದ ಶಿಸ್ತು ಅಂದರೆ ಏನು ಅಂತ! ನಮ್ಮೂರಿನ ಮೇಷ್ಟ್ರುಗಳ ಪರವಾಗಿ ಚೀನಾದಿಂದ ಯಾರೋ ಸಾಕ್ಷಿ ಹೇಳಲು ಬಂದ ಹಾಗೆ ಅನ್ನಿಸಿತ್ತು.

ಮೊದಲ ದಿನ ಅವರು ಒಳಗೆ ಬಂದು ಮಕ್ಕಳು ಎದ್ದು ನಿಲ್ಲುತ್ತಾರೆಂದು ಕಾದರು. ಯಾರೂ ಏಳಲಿಲ್ಲ. ಹಿಂದಿನ ಸಾಲಿನಲ್ಲಿ ಕುರ್ಚಿಯನ್ನು ಎರಡೇ ಕಾಲಿನ ಮೇಲೆ ತೂಗುತ್ತಾ ಕೂತಿರುವ ಒಬ್ಬ ಹುಡುಗ ಇದ್ದ, ವರ್ಷವಿಡೀ ಹಾಗೇ ಕೂತವನು, ಅವನು ಕೈ ಎತ್ತದೆಯೇ ಕೇಳಿದ: "ಮಿಸ್, ಚೀನಾದಲ್ಲಿ ಡಿಟೆನ್ಷನ್ ಇದೆಯಾ?" ಮೇಡಂ ಸ್ವಲ್ಪ ಯೋಚಿಸಿ, "ಇಲ್ಲ, ಅಲ್ಲಿ ನಿಮ್ಮಮ್ಮನಿಗೆ ಮೆಸೇಜ್ ಹೋಗುತ್ತೆ" ಅಂದರು. ಕ್ಲಾಸಿಗೆ ಕ್ಲಾಸೇ ನಕ್ಕಿತು, ಅವನು ಮಾತ್ರ ನಗಲಿಲ್ಲ.

ಆ ದಿನದ ಪಾಠ: ಕಾಲು ಭಾಗ ಅಂದರೆ ಏನು. ಅಷ್ಟೇ! ಸೆಕೆಂಡರಿ ಮಕ್ಕಳಿಗೆ ಇಡೀ ಪೀರಿಯಡ್ ಕಾಲು ಭಾಗವಾ ಅಂತ ನಾನು ಹಿಂದೆ ಕೂತು ಗಡಿಯಾರ ನೋಡುತ್ತಿದ್ದೆ. ಬೋರ್ಡಿನ ಮೇಲೆ ಒಂದು ಚೌಕ, ನಾಲ್ಕು ಸಮ ಭಾಗ, ಒಂದಕ್ಕೆ ಬಣ್ಣ. ಇದು ಕಾಲಾ? ಹೌದು. ಆಮೇಲೆ ಒಂದು ವೃತ್ತ, ನಾಲ್ಕು ಭಾಗ, ಆದರೆ ಸಮವಾಗಿಲ್ಲ. ಇದು ಕಾಲಾ? ಅರ್ಧ ಕ್ಲಾಸ್ ಹೌದು ಅಂದಿತು. ಅಲ್ಲಿ ಸಿಕ್ಕಿಬಿತ್ತು ನೋಡಿ. ನಾನು ಈ ಮಕ್ಕಳಿಗೆ ಭಿನ್ನರಾಶಿ ಕೂಡಿಸುವುದು, ಗುಣಿಸುವುದು ಎಲ್ಲ ಮಾಡಿಸಿಬಿಟ್ಟಿದ್ದೆ, ಆದರೆ 'ಸಮ ಭಾಗ' ಅನ್ನುವ ಮಾತೇ ಅವರ ತಲೆಗೆ ಹೋಗಿರಲಿಲ್ಲ. ಮೇಡಂ ಉದಾಹರಣೆಯನ್ನು ಒಂಚೂರು ಒಂಚೂರೇ ಬದಲಾಯಿಸುತ್ತಾ ಹೋದರು: ಓರೆಯಾದ ಗೆರೆ, ಎಂಟು ಭಾಗದಲ್ಲಿ ಎರಡಕ್ಕೆ ಬಣ್ಣ, ಕಾಲಿನಂತೆ ಕಂಡರೂ ಕಾಲಲ್ಲದ ಚಿತ್ರ. ಉತ್ತರವನ್ನು ಪೂರ್ತಿ ವಾಕ್ಯದಲ್ಲೇ ಹೇಳಬೇಕು. "ಇಡಿಯನ್ನು ನಾಲ್ಕು ಸಮ ಭಾಗ ಮಾಡಿದಾಗ ಒಂದು ಭಾಗವೇ ಕಾಲು." ಒಬ್ಬರು ಹೇಳಿದ ಮೇಲೆ ಎಲ್ಲರೂ ಹೇಳಬೇಕು. ಕೊನೆಗೆ ಒಂದು ತಿರುಚಿದ ಪ್ರಶ್ನೆ. ಅದಕ್ಕೆ ಅವರು 'ದೋಂಗ್ ನಾವ್ ಜಿನ್' ಅನ್ನುತ್ತಾರೆ, ತಲೆ ಓಡಿಸು ಅಂತ ಅರ್ಥ. ಮಕ್ಕಳಿಗೆ ಆ ಹೆಸರು ಎಷ್ಟು ಹಿಡಿಸಿತೆಂದರೆ ಕಾರಿಡಾರಿನಲ್ಲಿ ಕೂಗಿಕೊಂಡು ಓಡಾಡಿದರು.

ಇಲ್ಲಿ ಒಂದು ಸಣ್ಣ ವಿಷಯ. ಚೀನೀ ಭಾಷೆಯಲ್ಲಿ ಮೂರನೇ ಎರಡಕ್ಕೆ 'ಸಾನ್ ಫನ್ ಝಿ ಅರ್' ಅನ್ನುತ್ತಾರೆ, ಅಂದರೆ ಮೂರು ಭಾಗದಲ್ಲಿ ಎರಡು. ಛೇದ ಮೊದಲು, ಅಂಶ ಆಮೇಲೆ. ನಮ್ಮ 'ಮೂರನೇ ಎರಡು' ಕೂಡ ಹಾಗೇ ಅಲ್ವಾ? ಇಂಗ್ಲಿಷಿನಲ್ಲಿ ತಿರುಗಾಮುರುಗಾ. ಇಷ್ಟು ವರ್ಷ ಇದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಮೇಡಂಗೆ ಕನ್ನಡದ್ದನ್ನು ಹೇಳಿದಾಗ ಅವರು ಪುಸ್ತಕದಲ್ಲಿ ಬರೆದುಕೊಂಡರು.

ಮೂರನೇ ದಿನ ಆ ತೂಗಾಡುವ ಹುಡುಗ ಅತಿಯಾಗಿ ಆಡಿದ. ನಾನು ಅಭ್ಯಾಸಬಲದಿಂದ ಎಚ್ಚರಿಕೆ, ಎಂಟ್ರಿ, ಡಿಟೆನ್ಷನ್ ಎಲ್ಲ ಮುಗಿಸಿ ಆನ್ ಕಾಲ್ ಒತ್ತಿದೆ. ಅವನನ್ನು ಕರೆದುಕೊಂಡು ಹೋದರು. ಕ್ಲಾಸ್ ತಣ್ಣಗಾಯಿತು. ಆಮೇಲೆ ಸ್ಟಾಫ್ ರೂಮಿನಲ್ಲಿ ಮೇಡಂ, ಬೈಯುವ ದನಿಯಲ್ಲಲ್ಲ, ಸುಮ್ನೆ ಗೊತ್ತಾಗದೆ ಕೇಳಿದರು: "ವಾರ್ನಿಂಗ್ ಬರೆದಿರಿ, ಕಳಿಸಿದಿರಿ, ಸರಿ. ಇವತ್ತಿನ ಪಾಠ ಅವನು ಯಾವಾಗ ಕಲಿಯುತ್ತಾನೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಡಿಟೆನ್ಷನ್‌ನಲ್ಲಿ ಕೂತಾಗ ಅವನು ಕಲಿಯುವುದಿಲ್ಲ, ಸುಮ್ಮನೆ ಕೂರುತ್ತಾನೆ. ಮಾರನೇ ದಿನ ಬಂದಾಗ ಒಂದು ಮೆಟ್ಟಿಲು ಹಿಂದಿರುತ್ತಾನೆ, ಅರ್ಥವಾಗುವುದಿಲ್ಲ, ಮತ್ತೆ ಕುರ್ಚಿ ತೂಗುತ್ತಾನೆ. ನಾನು ಮತ್ತೆ ಬರೆಯುತ್ತೇನೆ.

ಮೇಡಂ ಮಾಡಿದ್ದು ಇಷ್ಟು. ಪಾಠ ಮುಗಿದ ಮೇಲೆ ಎಲ್ಲರ ಪುಸ್ತಕ ತೆಗೆದುಕೊಂಡು ಕೂತು ಆಗಲೇ ತಿದ್ದಿದರು. ಊಟದ ನಂತರ ತಪ್ಪು ಮಾಡಿದ ಮೂವರನ್ನು ಮತ್ತು ಆ ಹುಡುಗನನ್ನು ಕರೆಸಿ ಹತ್ತು ನಿಮಿಷ ಹೇಳಿಕೊಟ್ಟರು. ಅವನು ಅದನ್ನೂ ಶಿಕ್ಷೆ ಅಂದುಕೊಂಡು ಕೋಟು ಬಿಚ್ಚದೆ ಕೂತಿದ್ದ.

ಇದೇನು ಮಹಾ, ನಾನೂ ಮಾಡಬಹುದು ಅಂತ ಮಾರನೇ ವಾರ ಹೊರಟೆ. ಆಗಲಿಲ್ಲ. ಕಾರಣ ಅರ್ಥವಾಗಿದ್ದು ಮುಂದೆ ನಾನು ಶಾಂಘೈಗೆ ಹೋದಾಗ. ಅದಕ್ಕಿಂತ ಮುಂಚೆ ಇನ್ನೊಂದು ಪೆದ್ದುತನ ಮಾಡಿದ್ದೆ, ಅದನ್ನೂ ಹೇಳಬೇಕು. ಮೇಡಂ ವಾಪಸು ಹೋದ ಮೇಲೆ ಇಯರ್ 9ರವರಿಗೆ ನಾನು ಬಂದಾಗ ಎದ್ದು ನಿಂತು ನಮಸ್ಕಾರ ಹೇಳಿ ಅಂತ ಆರ್ಡರ್ ಮಾಡಿದೆ. ಮೂವತ್ತು ಕುರ್ಚಿಗಳು ಕಿರ್ರೆಂದು ಎರಡು ನಿಮಿಷ. ಒಬ್ಬ ಸೊಂಟ ಬಗ್ಗಿಸಿ ರಾಜರಿಗೆ ಮಾಡುವ ಹಾಗೆ ಮುಜುರೆ ಮಾಡಿದ. ಒಬ್ಬಳು ಎದ್ದವಳು ಕೂರಲೇ ಇಲ್ಲ. ಒಂದೇ ವಾರದಲ್ಲಿ ಬಿಟ್ಟುಬಿಟ್ಟೆ. ನಮ್ಮ ಎಚ್‌ಒಡಿ ಬಾಗಿಲ ಹತ್ತಿರ ನಿಂತು ನೋಡಿ, ಏನೂ ಹೇಳದೆ ಟೀ ಕುಡಿಯುತ್ತಾ ಹೋದರು, ಅದೇ ಜಾಸ್ತಿ ಅವಮಾನ.

ಶಾಂಘೈನಲ್ಲಿ ನಾನು ಮೊದಲು ಗಮನಿಸಿದ್ದು ಗದ್ದಲ! ಒಂದು ಪೀರಿಯಡ್ ನಲವತ್ತು ನಿಮಿಷ, ಆಮೇಲೆ ಹತ್ತು ನಿಮಿಷ ಬಿಡುವು, ಆ ಹತ್ತು ನಿಮಿಷ ಕಾರಿಡಾರ್ ಜಾತ್ರೆ. ಓಟ, ಕಿರುಚಾಟ, ತಳ್ಳಾಟ. ಮೇಷ್ಟ್ರುಗಳು ಕಂಡೂ ಕಾಣದ ಹಾಗೆ ಹೋಗುತ್ತಾರೆ. ಬೆಳಗ್ಗೆ ಎಲ್ಲರೂ ಅಂಗಳಕ್ಕಿಳಿದು ವ್ಯಾಯಾಮ. ದಿನದ ನಡುವೆ ಸ್ಪೀಕರಿನಲ್ಲಿ ಸಂಗೀತ ಬರುತ್ತದೆ, ಎಲ್ಲರೂ ಕಣ್ಣು ಮುಚ್ಚಿ ಹುಬ್ಬಿನ ಸುತ್ತ ಒತ್ತಿಕೊಳ್ಳುತ್ತಾರೆ, ಕಣ್ಣಿನ ವ್ಯಾಯಾಮವಂತೆ. ಬೆಲ್ ಹೊಡೆದರೆ ಕ್ಲಾಸ್ ಮಾನಿಟರ್ ಎದ್ದು ಒಂದು ಮಾತು ಹೇಳುತ್ತಾಳೆ, ಎಲ್ಲರೂ ಎದ್ದು "ಲಾವ್‌ಶೀ ಹಾವ್", ನಮಸ್ಕಾರ ಮೇಷ್ಟ್ರೇ. ನಾನು ನೋಡಿದ ಕ್ಲಾಸಿನಲ್ಲಿ ನಲವತ್ತಕ್ಕೂ ಮೇಲೆ ಮಕ್ಕಳು, ಆದರೆ ಪಾಠದಲ್ಲಿ ಯಾರೂ ಪಿಟ್ ಅನ್ನುವುದಿಲ್ಲ. ನಮ್ಮಲ್ಲೋ, ಒಂದೊಂದು ಗಂಟೆಯ ಪಾಠ, ಎರಡು ಒಟ್ಟಿಗೆ, ನಡುವೆ ರೂಮಿನಿಂದ ರೂಮಿಗೆ ಓಡುವಷ್ಟೇ ಸಮಯ. ಆ ಹುಡುಗರು ಕುರ್ಚಿ ತೂಗದೆ ಇನ್ನೇನು ಮಾಡಬೇಕು?

ಎರಡನೆಯದು ಮೇಷ್ಟ್ರುಗಳ ದಿನ. ಅಲ್ಲಿ ಗಣಿತದವರು ದಿನಕ್ಕೆ ಎರಡೋ ಮೂರೋ ಪಾಠ ಮಾಡುತ್ತಾರೆ. ಮಿಕ್ಕ ಹೊತ್ತು ತಿದ್ದುವುದು, ತಯಾರಿ, ಹಿಂದೆ ಬಿದ್ದ ಮಕ್ಕಳನ್ನು ಕರೆಸುವುದು, ಮತ್ತು ಒಬ್ಬರ ಪಾಠವನ್ನು ಇನ್ನುಳಿದವರು ಹಿಂದೆ ಕೂತು ನೋಡಿ, ಬಿಸಿನೀರಿನ ಫ್ಲಾಸ್ಕ್ ಇಟ್ಟುಕೊಂಡು, ಎರಡನೇ ಉದಾಹರಣೆಯಲ್ಲಿ 6ರ ಬದಲು 8 ಹಾಕಿದ್ದರೆ ಏನಾಗುತ್ತಿತ್ತು ಅಂತ ಒಂದು ಗಂಟೆ ಚರ್ಚೆ ಮಾಡುವುದು. ನನಗೆ ಇಲ್ಲಿ ಕಾನೂನಿನ ಪ್ರಕಾರ ತಯಾರಿಗೆ ಸಿಗುವುದು ಪಾಠದ ಸಮಯದಲ್ಲಿ ಕನಿಷ್ಠ ಶೇಕಡಾ 10. ಕೆಲವು ದಿನ ಐದಕ್ಕೆ ಐದೂ ಪೀರಿಯಡ್ ಪಾಠ. ಮೇಡಂ ಮಾಡಿದ್ದನ್ನು ನಾನು ಹೇಗೆ ಮಾಡಲಿ? ನಮ್ಮವರು ಶಾಂಘೈಯಿಂದ ಪಠ್ಯಪುಸ್ತಕ ತಂದರು, ಪಾಠದ ರೀತಿ ತಂದರು. ಟೈಮ್‌ಟೇಬಲ್ ತರಲಿಲ್ಲ.

ಹಾಗಂತ ಅಲ್ಲಿ ಎಲ್ಲ ಬಂಗಾರ ಅಂದುಕೊಳ್ಳಬೇಡಿ. ಒಬ್ಬ ಹುಡುಗನನ್ನು ನಲವತ್ತು ಜನರೆದುರು ನಿಲ್ಲಿಸಿ ಅವನ ಅಂಕ ಓದಿದ್ದನ್ನು ನೋಡಿದೆ. ಹೊಟ್ಟೆಯಲ್ಲಿ ಏನೋ ತಿರುಚಿದ ಹಾಗಾಯಿತು, ನಮ್ಮ ಶಾಲೆಯ ವಾಸನೆಯೇ ಬಂತು. ಇನ್ನೊಬ್ಬಳು ಎರಡು ದಿನವೂ ಒಂದು ಮಾತು ಆಡಲಿಲ್ಲ, ಅರ್ಥವಾಗಿಲ್ಲ ಅಂತ ಮುಖದಲ್ಲೇ ಬರೆದಿತ್ತು, ಆದರೂ ಕೈ ಎತ್ತಲಿಲ್ಲ. ನನ್ನ ಸೆಟ್ 4ರಲ್ಲಿ "ಸರ್, ನನಗೆ ಒಂದು ಚೂರೂ ಅರ್ಥವಾಗಲಿಲ್ಲ" ಅಂತ ಕೂಗಿ ಹೇಳುತ್ತಾರೆ. ಆ ಧೈರ್ಯವನ್ನು ಬ್ರಿಟಿಷ್ ಶಾಲೆ ಕೊಟ್ಟಿದೆ, ಸಣ್ಣ ಮಾತಲ್ಲ. ಓದಲು ಕಷ್ಟಪಡುವ ಮಗುವಿನ ಪಕ್ಕ ಕೂರಲು ಇಲ್ಲಿ ಟೀಚಿಂಗ್ ಅಸಿಸ್ಟೆಂಟ್ ಇರುತ್ತಾರೆ. ಇನ್ನು ಶಾಂಘೈನ ಅಂಕಗಳ ಹಿಂದೆ ಶಾಲೆ ಒಂದೇ ಇರಲಿಲ್ಲ, ಸಂಜೆಯ ಟ್ಯೂಷನ್ ಕೂಡ ಇತ್ತು. 2021ರಲ್ಲಿ ಚೀನಾ ಸರ್ಕಾರವೇ ಅದಕ್ಕೆ ಕಡಿವಾಣ ಹಾಕಿತು.

ಈಗ ನಾನು ಮಾಡುವುದು ಕಡಿಮೆ, ಆದರೆ ಬಿಡದೆ ಮಾಡುತ್ತೇನೆ. ಒಂದು ಪಾಠಕ್ಕೆ ಒಂದೇ ವಿಷಯ. ಮೊದಲ ಐದು ನಿಮಿಷದಲ್ಲಿ ಎಲ್ಲರಿಗೂ ಬರುವ ಪ್ರಶ್ನೆ, ಯಾಕೆಂದರೆ ಗಲಾಟೆ ಹೆಚ್ಚಾಗಿ ಏಳುವುದು ಮಗುವಿಗೆ ಕೈಬಿಟ್ಟುಹೋಯಿತು ಅನ್ನಿಸಿದ ಕ್ಷಣದಲ್ಲಿ. ಎಲ್ಲ ಪುಸ್ತಕ ತಿದ್ದಲು ಆಗಲ್ಲ, ಬಾಗಿಲಲ್ಲಿ ನಿಂತು ಒಂದೊಂದು ಪ್ರಶ್ನೆಯ ಉತ್ತರ ನೋಡಿ ಕಳಿಸುತ್ತೇನೆ. ತಪ್ಪಾದವರಿಗೆ ಅದೇ ದಿನ ಹತ್ತು ನಿಮಿಷ. ಡಿಟೆನ್ಷನ್ ಕೊಟ್ಟರೂ ತಪ್ಪಿಹೋದ ಪಾಠವನ್ನೇ ಅಲ್ಲಿ ಹೇಳಿಕೊಡುತ್ತೇನೆ. ಆನ್ ಕಾಲ್ ಬಟನ್ ಬೇಡ ಅನ್ನುವಷ್ಟು ದೊಡ್ಡ ಮನುಷ್ಯನಾಗಿಲ್ಲ, ಕಳೆದ ತಿಂಗಳೂ ಒತ್ತಿದ್ದೇನೆ. ಎದ್ದು ನಿಲ್ಲಿ ಅಂತ ಮಾತ್ರ ಯಾರಿಗೂ ಹೇಳುವುದಿಲ್ಲ.

ಮೇಡಂ ವೀಚಾಟ್‌ನಲ್ಲಿ, ಅದು ಚೀನಾದವರ ಮೆಸೇಜ್ ಆ್ಯಪ್, ಆಗಾಗ ಸಿಗುತ್ತಾರೆ. ಟ್ಯೂಷನ್ನಿಗೆ ಕಡಿವಾಣ ಹಾಕಿದ ಆ ನಿಯಮ ಬಂದ ಮೇಲೆ ಶಾಲೆಯ ನಂತರ ಮಕ್ಕಳನ್ನು ನೋಡಿಕೊಳ್ಳುವ ಕೆಲಸವೂ ಶಿಕ್ಷಕರ ಮೇಲೆ ಬಿದ್ದಿದೆ, ಮನೆ ಸೇರುವುದು ತಡ, ತಿದ್ದಲು ಮೊದಲಿನಷ್ಟು ಹೊತ್ತಿಲ್ಲ ಅಂದರು. ಆಮೇಲೆ ಆ ತೂಗಾಡುವ ಹುಡುಗ ಏನು ಮಾಡುತ್ತಿದ್ದಾನೆ ಅಂತ ಕೇಳಿದರು. ಪ್ಲಂಬರ್ ಹತ್ತಿರ ಅಪ್ರೆಂಟಿಸ್ ಆಗಿದ್ದಾನೆ, ಅರ್ಧ ಇಂಚು, ಮುಕ್ಕಾಲು ಇಂಚು ಫಿಟ್ಟಿಂಗ್ ಹಾಕುತ್ತಾನೆ ಅಂತ ಬರೆದೆ.

"ಕುರ್ಚಿ?" ಅಂತ ಬಂತು ಉತ್ತರ.