ಕಂದು ನೀರಿನ ತೊಟ್ಟಿ, ಪಕ್ಕದಲ್ಲಿ ಹೊಲಿಗೆ ಮಿಷನ್ನು

ಬೆಟ್ಟಾ ಮೀನು ಅಂದ ತಕ್ಷಣ ಎಲ್ಲರಿಗೂ ನೆನಪಾಗುವುದು ಅಂಗಡಿ ಮುಂದೆ ಸಾಲಾಗಿ ಇಟ್ಟಿರುವ ಸಣ್ಣ ಗಾಜಿನ ಲೋಟಗಳು. ಒಂದೊಂದರಲ್ಲಿ ಒಂದೊಂದು ಗಂಡು, ಉದ್ದ ರೆಕ್ಕೆ, ಕಡು ಕೆಂಪು ಇಲ್ಲವೇ ನೀಲಿ. "ಇದಕ್ಕೆ ಪಂಪು ಬೇಡ, ಫಿಲ್ಟರ್ ಬೇಡ, ಟೇಬಲ್ ಮೇಲೆ ಇಟ್ಕೊಳಿ ಸಾಕು" ಅಂತ ಹೇಳಿ ಮಾರುತ್ತಾರೆ. ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಈ ಮೀನು ಗಾಳಿ ಕುಡಿದು ಬದುಕುತ್ತದೆ ಅನ್ನುವುದು ನಿಜ. ಕಿವಿರಿನ ಮೇಲ್ಗಡೆ ಲ್ಯಾಬಿರಿಂತ್ ಅನ್ನುವ ಅಂಗ ಇದೆ. ನೀರಿನ ಮೇಲೆ ಬಂದು ಒಂದು ಗುಟುಕು ಗಾಳಿ ತೆಗೆದುಕೊಂಡರೆ ಅಲ್ಲಿಂದ ಆಮ್ಲಜನಕ ರಕ್ತಕ್ಕೆ ಸೇರುತ್ತದೆ. ಆದರೆ ಅದು ಮಾಡಿದ ಗಲೀಜು ಅದೇ ಲೋಟದಲ್ಲೇ ಉಳಿಯುತ್ತದಲ್ವಾ? ಅಮೋನಿಯಾ ಏರುತ್ತಾ ಹೋಗುತ್ತದೆ. ಗಾಳಿ ಇದೆ ಅಂದ ಮಾತ್ರಕ್ಕೆ ವಿಷ ವಿಷವಾಗದೆ ಇರುವುದಿಲ್ಲ.

ನಾನು ಸಾಕುವುದು ಆ ಅಂಗಡಿ ಬೆಟ್ಟಾ ಅಲ್ಲ, ಅದರ ಕಾಡು ನೆಂಟರನ್ನ. ಬೆಟ್ಟಾ ಕುಲದಲ್ಲಿ 70ಕ್ಕೂ ಜಾಸ್ತಿ ಜಾತಿಗಳಿವೆ. ಎಲ್ಲವೂ ಆಗ್ನೇಯ ಏಷ್ಯಾದವು. ಥಾಯ್ಲೆಂಡ್, ಮಲೇಷ್ಯಾ, ಇಂಡೋನೇಷ್ಯಾ, ಆ ಕಡೆಯವು. ನಮ್ಮ ದೇಶದ ಹೊಳೆ, ಕೆರೆಯಲ್ಲಿ ಹುಟ್ಟಿ ಬೆಳೆದ ಬೆಟ್ಟಾ ಒಂದೂ ಇಲ್ಲ. ಲೋಟದಲ್ಲಿ ಮಾರುವುದು ಬೆಟ್ಟಾ ಸ್ಪ್ಲೆಂಡೆನ್ಸ್ ಜಾತಿಯಿಂದ ತಲೆತಲಾಂತರ ಆರಿಸಿ ಆರಿಸಿ ಬೆಳೆಸಿದ್ದು. 2019ರಲ್ಲಿ ಥಾಯ್ಲೆಂಡ್ ಸರ್ಕಾರ ಅದನ್ನು ತನ್ನ ರಾಷ್ಟ್ರೀಯ ಜಲಚರ ಅಂತ ಘೋಷಿಸಿತು. ನನ್ನ ಮನೆಯಲ್ಲಿರುವುದು ಬೆಟ್ಟಾ ಸ್ಮರಾಗ್ಡಿನಾ. ಈಶಾನ್ಯ ಥಾಯ್ಲೆಂಡ್ ಮತ್ತು ಲಾವೋಸಿನ ಭತ್ತದ ಗದ್ದೆ, ಜೌಗು, ಕಾಲುವೆ ಅಂಚಿನ ಮೀನು. 1972ರಲ್ಲಿ ಲಾಡಿಗೆಸ್ ಅನ್ನುವ ಜರ್ಮನ್ ವಿಜ್ಞಾನಿ ಇದಕ್ಕೆ ಹೆಸರಿಟ್ಟರು.

ನಾನು ಮೈಸೂರಿನ ಕುವೆಂಪುನಗರದಲ್ಲಿ ಮನೆಯಲ್ಲೇ ಬ್ಲೌಸು, ಚೂಡಿದಾರ ಹೊಲಿಯುವವಳು. ಮುಂದಿನ ಕೋಣೆಯಲ್ಲಿ ಮಿಷನ್ನು, ಪಕ್ಕದಲ್ಲಿ ಎರಡು ಅಡಿ ಉದ್ದದ ತೊಟ್ಟಿ. ಅಳತೆ ಕೊಡೋಕೆ ಬಂದವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಕಂದು ನೀರು, ತಳದಲ್ಲಿ ಕೊಳೆತ ಎಲೆ, ಮೇಲೆಲ್ಲ ಅಂತರಗಂಗೆ. ಬಣ್ಣದ ಕಲ್ಲಿಲ್ಲ, ಬೆಳಕು ಕಮ್ಮಿ, ಮೀನು ಕಾಣುವುದೇ ಇಲ್ಲ. "ಮೇಡಂ, ನೀರು ಬದಲಾಯಿಸಲ್ವಾ ನೀವು?" ಅಂತ ಕೇಳದವರೇ ಇಲ್ಲ. ಪಾಪ, ಅವರ ತಪ್ಪಲ್ಲ. ತೊಟ್ಟಿ ಅಂದರೆ ಹೋಟೆಲ್ಲಿನಲ್ಲಿ ನೋಡಿದ ಹಾಗೆ ಥಳಥಳ ಅನ್ನಬೇಕು ಅಂತ ಎಲ್ಲರ ತಲೆಯಲ್ಲಿ ಕೂತಿದೆ. ಈ ಮೀನಿಗೆ ಆ ಥಳಕು ಬೇಡ. ಬಿಳಿ ಮರಳು, ಝಗಮಗ ದೀಪ ಹಾಕಿ ನೋಡಿ, ಬಣ್ಣ ಇಳಿಸಿಕೊಂಡು ಒಂದು ಮೂಲೆ ಹಿಡಿಯುತ್ತದೆ. ಕತ್ತಲು, ಎಲೆ, ಅಡಗಲು ಜಾಗ ಕೊಟ್ಟರೆ ಮಾತ್ರ ಅದು ಅದಾಗಿರುತ್ತದೆ.

ನನ್ನ ಅತ್ತೆ ಪಾಂಡವಪುರದ ಕಡೆಯವರು. ಗದ್ದೆ, ನಾಲೆ ನೋಡಿಕೊಂಡೇ ಬೆಳೆದವರು. ಮೊದಲ ಸಲ ತೊಟ್ಟಿ ಮುಂದೆ ಕೂತು ತುಂಬಾ ಹೊತ್ತು ನೋಡಿದರು. ಆಮೇಲೆ, "ಒಂದು ತುತ್ತಿಗೂ ಸಾಲಲ್ವಲ್ಲವ್ವ ಇದು" ಅಂದರು. ನಿಜವೇ, ಬಾಲ ಸೇರಿಸಿ ಎರಡೂವರೆ ಇಂಚು ಬಂದರೆ ಹೆಚ್ಚು. ಆದರೆ ಗಾಳಿ ಕುಡಿಯೋಕೆ ಅದು ಮೇಲೆ ಬಂದಿದ್ದನ್ನ ನೋಡಿದ್ದೇ, ಅವರೇ ಹೇಳಿಬಿಟ್ಟರು: "ಕೊರವ ಮೀನೂ ಹಿಂಗೇಯ. ಬಕೆಟ್ಟಲ್ಲಿ ಚೂರು ನೀರಿದ್ರೂ ಸಾಯಾಕಿಲ್ಲ." ನನಗೆ ಖುಷಿಯಾಯಿತು. ಕೊರವ, ಬೆಟ್ಟಾ ಎರಡನ್ನೂ ವಿಜ್ಞಾನಿಗಳು ಒಂದೇ ಗಣದಲ್ಲಿ ಸೇರಿಸಿದ್ದಾರೆ. ಎರಡೂ ಗಾಳಿ ಕುಡಿಯುತ್ತವೆ, ಎರಡೂ ಮರಿ ಕಾಯುತ್ತವೆ. ಪುಸ್ತಕ ಓದಿ ನಾನು ತಿಳಿದುಕೊಂಡಿದ್ದನ್ನ ಅತ್ತೆ ನಾಲೆ ಏರಿ ಮೇಲೆ ಕೂತೇ ಕಂಡುಕೊಂಡಿದ್ದರು.

ಇನ್ನು ನೀರಿನ ವಿಷಯ. ಇದರಲ್ಲಿ ಸ್ವಲ್ಪ ಉದ್ದ ಹೇಳುತ್ತೇನೆ, ಸಹಿಸಿಕೊಳ್ಳಿ. ಮೈಸೂರಿನ ನಲ್ಲಿಯಲ್ಲಿ ಬರುವುದು ಕಾವೇರಿ, ಕಬಿನಿ ನೀರು. ಕ್ಲೋರಿನ್ ಹಾಕಿರುತ್ತಾರೆ. ಒಂದು ದಿನ ಬಾಯಗಲದ ಬಕೆಟ್ಟಲ್ಲಿ ಬಿಟ್ಟರೆ ಹಾರಿಹೋಗುತ್ತದೆ. ಸ್ಮರಾಗ್ಡಿನಾ ಇದಕ್ಕೆ ಹೊಂದಿಕೊಳ್ಳುತ್ತದೆ. ನಮ್ಮ ಬೋರ್‌ವೆಲ್ ನೀರು ಮಾತ್ರ ಬೇಡವೇ ಬೇಡ. ಇಸ್ತ್ರಿ ಪೆಟ್ಟಿಗೆಗೆ ಹಾಕಿದರೆ ತೂತೆಲ್ಲ ಸುಣ್ಣ ಕಟ್ಟುವ ನೀರು ಅದು. ಗಡಸು ನೀರಿನಲ್ಲಿ ಸ್ಮರಾಗ್ಡಿನಾ ಬದುಕಬಹುದು, ಆದರೆ ಬೋರ್ನಿಯೋದ ಜೌಗು ಕಾಡಿನ ಜಾತಿಗಳು ತಡೆಯುವುದಿಲ್ಲ. ಅಲ್ಲಿ ಎಲೆ ಕೊಳೆತು ಕೊಳೆತು ನೀರು ಹುಳಿಯಾಗಿ, ಅದರ ಪಿಎಚ್ 4ರ ಹತ್ತಿರ ಇಳಿದಿರುತ್ತದೆ, ಸುಣ್ಣದ ಅಂಶ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ.

ಅದಕ್ಕೇ ನಾನು ಮಳೆ ನೀರು ಹಿಡಿಯುವುದು. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಹೊತ್ತು ಗುಡುಗಿ ಸುರಿಯುತ್ತದಲ್ಲ, ಆ ಮಳೆ. ಮೊದಲ ಹತ್ತು ಹದಿನೈದು ನಿಮಿಷದ್ದು ಹಾಗೇ ಹೋಗಲಿ, ಗಾಳಿಯ ಧೂಳೆಲ್ಲ ತೊಳೆದುಕೊಂಡು ಬಂದಿರುತ್ತದೆ. ತಾರಸಿಯಿಂದ ಇಳಿದ ನೀರನ್ನೂ ಹಿಡಿಯಬೇಡಿ. ಸಿಮೆಂಟು ಸುಣ್ಣ ಬಿಡುತ್ತದೆ, ಮಳೆ ನೀರು ಹಿಡಿದ ಪ್ರಯೋಜನವೇ ಇರುವುದಿಲ್ಲ. ನಾನು ಬಟ್ಟೆ ಒಣಹಾಕುವ ಕಂಬಗಳ ನಡುವೆ ಪ್ಲಾಸ್ಟಿಕ್ ಹಾಳೆ ಕಟ್ಟಿ, ನಡುವೆ ಒಂದು ಕಲ್ಲಿಟ್ಟು ತಗ್ಗು ಮಾಡಿ, ಕೆಳಗೆ ಡ್ರಮ್ಮು ಇಡುತ್ತೇನೆ. ಬರೀ ಮಳೆ ನೀರನ್ನೇ ತೊಟ್ಟಿಗೆ ತುಂಬಿದರೆ ಪಿಎಚ್ ಒಂದು ಕಡೆ ನಿಲ್ಲುವುದಿಲ್ಲ. ಸ್ಮರಾಗ್ಡಿನಾಗೆ ಅರ್ಧ ಮಳೆ, ಅರ್ಧ ನಲ್ಲಿ ನೀರು ಸಾಕು.

ಎಲೆಗೆ ಮೈಸೂರಿನಲ್ಲಿ ಬರವಿಲ್ಲ. ರಸ್ತೆ ಬದಿಯಲ್ಲಿ, ಶಾಲೆ ಮೈದಾನದಲ್ಲಿ ಕಾಡು ಬಾದಾಮಿ ಮರ ಇದ್ದೇ ಇರುತ್ತದೆ. ಅದೇ ಎಲೆಯನ್ನು ಪ್ಯಾಕೆಟ್ಟಿಗೆ ತುಂಬಿ ಆನ್‌ಲೈನಿನಲ್ಲಿ ದುಡ್ಡಿಗೆ ಮಾರುತ್ತಾರೆ, ನಗು ಬರುತ್ತದೆ. ತಾನಾಗಿ ಉದುರಿ, ಪೂರ್ತಿ ಒಣಗಿ ಕಂದಾದ ಎಲೆಯೇ ಆಗಬೇಕು. ವಾಹನ ಓಡಾಡುವ ರಸ್ತೆಯದ್ದು, ಔಷಧಿ ಹೊಡೆದ ತೋಟದ್ದು ಬೇಡ. ಚೆನ್ನಾಗಿ ತೊಳೆದು ಹಾಕಿದರೆ ಒಂದೆರಡು ದಿನ ತೇಲಿ ಆಮೇಲೆ ಮುಳುಗುತ್ತದೆ. ಎಲೆಯ ಒಗರು ನೀರಿಗೆ ಬಿಟ್ಟು ಬಣ್ಣ ಕಂದಾಗುತ್ತದೆ. ಎಲೆ ಕೊಳೆಯುವಾಗ ಅದರ ಮೇಲೆ ಕಣ್ಣಿಗೆ ಕಾಣದ ಜೀವಿಗಳು ಬೆಳೆಯುತ್ತವೆ. ಹೊಸದಾಗಿ ಹುಟ್ಟಿದ ಮರಿಗೆ ಅದೇ ಮೊದಲ ಊಟ.

ದೊಡ್ಡ ಮೀನಿನ ಊಟ ಬೇರೆ ಕಥೆ. ಡಬ್ಬಿಯಲ್ಲಿ ಬರುವ ಕಾಳನ್ನು ಇವು ಮೂಸಿಯೂ ನೋಡುವುದಿಲ್ಲ. ಓಡಾಡುವ ಹುಳ ಬೇಕು. ನಾನು ಡ್ಯಾಫ್ನಿಯಾ ಅನ್ನುವ ಸಣ್ಣ ನೀರು ಹುಳ ಸಾಕುತ್ತೇನೆ, ಸೀಗಡಿಯಂಥ ಪುಟ್ಟ ಜೀವಿ ಆರ್ಟಿಮಿಯಾದ ಮೊಟ್ಟೆ ಉಪ್ಪು ನೀರಲ್ಲಿ ಒಡೆಸುತ್ತೇನೆ. ಎಲ್ಲಕ್ಕಿಂತ ಇಷ್ಟದ್ದು ಸೊಳ್ಳೆ ಮರಿ. ಅದನ್ನ ಮಾತ್ರ ನಾನು ಬೆಳೆಸುವುದಿಲ್ಲ. ಡ್ರಮ್ಮಿಗೂ ಬಿಗಿಯಾಗಿ ಬಲೆ ಬಟ್ಟೆ ಕಟ್ಟಿರುತ್ತೇನೆ. ಡೆಂಗಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಿಚ್ಚೋಕೆ ಒಂದು ವಾರ, ಹತ್ತು ದಿನ ಸಾಕು. ಮಳೆಗಾಲದಲ್ಲಿ ಲಾರ್ವಾ ಸರ್ವೆಗೆ ಆಶಾ ಕಾರ್ಯಕರ್ತೆ ಮನೆಮನೆಗೂ ಬರುತ್ತಾರೆ. ಮೊದಲ ಸಲ ನಮ್ಮ ತೊಟ್ಟಿ ನೋಡಿ ಗಾಬರಿಯಾಗಿ, "ಅಕ್ಕಾ, ಇದೇನಿದು ಇಷ್ಟು ನಿಂತ ನೀರು!" ಅಂತ ಟಾರ್ಚ್ ಬಿಟ್ಟು ಹುಡುಕಿದರು. ಒಂದು ಮರಿಯೂ ಸಿಗಲಿಲ್ಲ. ಎಲ್ಲಿಂದ ಸಿಗಬೇಕು, ಬಿದ್ದಿದ್ದೆಲ್ಲ ಹೊಟ್ಟೆಗೆ ಹೋಗಿರುತ್ತದೆ. ಈಗ ಅವರೇ ಬಂದು, "ಹಿಂದಿನ ಬೀದಿ ಮನೆ ಸಿಮೆಂಟ್ ತೊಟ್ಟೀಲಿ ಸಿಕ್ತು, ಬೇಕಾಕ್ಕಾ?" ಅಂತ ಬಾಟಲಿ ಕೊಡುತ್ತಾರೆ. ನಾನು ಕೇಳುವುದು ಒಂದೇ, ಅದಕ್ಕೆ ಔಷಧಿ ಹಾಕಿದ್ರಾ ಅಂತ. ಲಾರ್ವಾ ಕೊಲ್ಲೋಕೆ ಟೆಮೆಫಾಸ್ ಹಾಕಿದ ನೀರಾದರೆ ಮುಟ್ಟುವುದಿಲ್ಲ. ಇಲ್ಲ ಅಂದರೆ ಟೀ ಸೋಸುವ ಜಾಲರಿಯಲ್ಲಿ ಸೋಸಿ, ತೊಳೆದು ಅಲ್ಲೇ ತೊಟ್ಟಿಗೆ ಸುರಿಯುತ್ತೇನೆ.

ಬಣ್ಣದ ಬಗ್ಗೆ ಹೇಳದಿದ್ದರೆ ಹೊಲಿಯುವವಳಾಗಿ ನನಗೆ ಸಮಾಧಾನ ಇಲ್ಲ. ಸುಮ್ಮನೆ ನಿಂತಾಗ ಸ್ಮರಾಗ್ಡಿನಾ ಕಪ್ಪು ಕಂದು, ನೋಡಿದರೆ ಏನೂ ಅನ್ನಿಸುವುದಿಲ್ಲ. ಬೆಳಗಿನ ಬಿಸಿಲು ಕಿಟಕಿಯಿಂದ ಓರೆಯಾಗಿ ಬಿದ್ದಾಗ ಒಮ್ಮೆ ತಿರುಗಿತು ಅನ್ನಿ, ಹುರುಪೆ ಹುರುಪೆಯೂ ಹಸಿರು, ಇನ್ನಷ್ಟು ತಿರುಗಿದರೆ ನೀಲಿ. ಹಾಸಿಗೊಂದು ಬಣ್ಣ, ಹೊಕ್ಕಿಗೊಂದು ಬಣ್ಣ ಹಾಕಿ ನೇಯ್ದ ಡಬಲ್ ಶೇಡ್ ರೇಷ್ಮೆ ಹಾಗೆಯೇ. ಚರ್ಮದ ಕೋಶಗಳಲ್ಲಿ ಸಣ್ಣ ಹರಳುಗಳು ಪದರ ಪದರವಾಗಿ ಕೂತಿವೆ. ಅವು ಬೆಳಕನ್ನು ಒಡೆದು ವಾಪಸ್ ಕಳಿಸುವುದರಿಂದ ಈ ಹೊಳಪು. ಜಾತಿ ಗುರುತಿಸಲು ಕೆನ್ನೆ ನೋಡಬೇಕು. ಸ್ಮರಾಗ್ಡಿನಾದ ಕಿವಿರು ಮುಚ್ಚಳದ ಮೇಲೆಲ್ಲ ಹೊಳೆಯುವ ಹುರುಪೆ ಹರಡಿರುತ್ತದೆ. ಕಾಡಿನ ಸ್ಪ್ಲೆಂಡೆನ್ಸ್‌ಗೆ ಅಲ್ಲಿ ಎರಡು ಕೆಂಪು ಗೆರೆ. ಇಂಬೆಲಿಸ್ ಜಾತಿಗೆ ಬಾಲದ ಅಂಚಿನಲ್ಲಿ ಕೆಂಪು ಅರ್ಧಚಂದ್ರ. ಇದನ್ನು ತಿಳಿದುಕೊಂಡಿರುವುದು ಒಳ್ಳೆಯದು. ಯಾಕೆಂದರೆ ಒಬ್ಬರು ನನಗೆ "ಪ್ಯೂರ್ ವೈಲ್ಡ್" ಅಂತ ಆಣೆ ಮಾಡಿ ಕಳಿಸಿದ ಜೋಡಿ ಕಲಬೆರಕೆ ತಳಿಯಾಗಿತ್ತು. ರೆಕ್ಕೆ ಉದ್ದ, ಕೆನ್ನೆಯಲ್ಲಿ ಕೆಂಪು. ಮೀನು ಮುದ್ದಾಗೇ ಇತ್ತು, ಸಾಕಿದೆ. ಆದರೆ ಅದರ ಮರಿಯನ್ನು ಸ್ಮರಾಗ್ಡಿನಾ ಅಂತ ಯಾರಿಗೂ ಕೊಡಲಿಲ್ಲ.

ಮೊಟ್ಟೆ ಇಡುವುದನ್ನು ಮಿಷನ್ನು ನಿಲ್ಲಿಸಿ ನೋಡಿದ್ದೇನೆ. ಅವತ್ತು ಕೊಡಬೇಕಿದ್ದ ಬ್ಲೌಸು ತಡವಾಯಿತು, ಬೈಸಿಕೊಂಡೆ, ಪರವಾಗಿಲ್ಲ. ಗಂಡು ತೇಲುವ ಬಾದಾಮಿ ಎಲೆಯ ಅಡಿಯಲ್ಲಿ ಗೂಡು ಕಟ್ಟುತ್ತದೆ. ಮೇಲೆ ಬಂದು ಗಾಳಿ ತುಂಬಿಕೊಂಡು, ಬಾಯಿಯ ಅಂಟು ಸೇರಿಸಿ, ಒಂದೊಂದೇ ಗುಳ್ಳೆ ಉಗುಳುತ್ತದೆ. ಹೆಣ್ಣು ಬಂದರೆ ಕಿವಿರು ಹರಡಿ, ಮೈ ಕುಣಿಸಿ ಗೂಡಿನ ಕಡೆ ಕರೆದೊಯ್ಯುತ್ತದೆ. ಗೂಡಿನ ಕೆಳಗೆ ಗಂಡು ಹೆಣ್ಣಿನ ಸುತ್ತ ಮೈ ಬಳಸಿ ಹಿಡಿದುಕೊಳ್ಳುತ್ತದೆ. ಕೆಲವು ಕ್ಷಣ ಎರಡೂ ಅಲ್ಲಾಡುವುದಿಲ್ಲ. ಬಿಟ್ಟಾಗ ಬಿಳಿ ಮೊಟ್ಟೆಗಳು ಕೆಳಗೆ ಉದುರುತ್ತವೆ, ಹೆಣ್ಣು ಸತ್ತ ಹಾಗೆ ಓರೆಯಾಗಿ ತೇಲುತ್ತಿರುತ್ತದೆ. ಗಂಡು ತಲೆ ಕೆಳಗೆ ಮಾಡಿ ಧುಮುಕಿ, ತಳ ಮುಟ್ಟುವ ಮೊದಲೇ ಒಂದೊಂದನ್ನೂ ಬಾಯಲ್ಲಿ ಹಿಡಿದು ತಂದು ಗುಳ್ಳೆಗೆ ಅಂಟಿಸುತ್ತದೆ. ಮತ್ತೆ ಶುರು. ಮುಗಿಯೋಕೆ ಗಂಟೆಗಟ್ಟಲೆ ಬೇಕು. ಆಮೇಲೆ ಹೆಣ್ಣನ್ನು ಹತ್ತಿರ ಸೇರಿಸುವುದಿಲ್ಲ, ಅದಕ್ಕೆ ಅಡಗೋಕೆ ಗಿಡ ದಟ್ಟವಾಗಿರಬೇಕು.

ಒಂದೂವರೆ, ಎರಡು ದಿನಕ್ಕೆ ಮೊಟ್ಟೆ ಒಡೆದು ಮರಿಗಳು ಬಾಲ ಕೆಳಗೆ ಬಿಟ್ಟುಕೊಂಡು ಗೂಡಿಗೆ ನೇತಾಡುತ್ತವೆ. ಜಾರಿ ಬಿದ್ದದ್ದನ್ನ ಅಪ್ಪ ಎತ್ತಿ ತಂದು ಮತ್ತೆ ಗುಳ್ಳೆಗೆ ಉಗುಳುತ್ತದೆ. ಇನ್ನೆರಡು ಮೂರು ದಿನಕ್ಕೆ ಅಡ್ಡಡ್ಡ ಈಜಲು ಕಲಿಯುತ್ತವೆ. ಎಲ್ಲ ಬೆಟ್ಟಾಗಳೂ ಗೂಡು ಕಟ್ಟುವುದಿಲ್ಲ. ಬೋರ್ನಿಯೋದ ಆಲ್ಬಿಮಾರ್ಜಿನಾಟಾ ಜಾತಿಯಲ್ಲಿ ಅಪ್ಪ ಮೊಟ್ಟೆಯನ್ನು ಬಾಯಲ್ಲೇ ಇಟ್ಟುಕೊಂಡು, ಊಟ ಬಿಟ್ಟು, ಎರಡು ವಾರದ ಹತ್ತಿರ ಕಾಯುತ್ತದೆ. ಅದನ್ನ ಸಾಕುವ ಆಸೆ ಇದೆ, ಮಳೆ ನೀರಿನ ಇನ್ನೊಂದು ಡ್ರಮ್ಮಿಗೆ ಜಾಗ ಇಲ್ಲ.

ಮುಚ್ಚಳ ಮಾತ್ರ ಮರೆಯಬೇಡಿ. ಕಾಡು ಬೆಟ್ಟಾಗಳು ಹಾರುವುದರಲ್ಲಿ ಗಟ್ಟಿ, ಪೈಪು ಹೋಗುವ ಸಂದಿ ಸಿಕ್ಕರೂ ಸಾಕು. ಮೂರ್ನಾಲ್ಕು ವಾರದ ಹೊತ್ತಿಗೆ ಮರಿಗಳ ಲ್ಯಾಬಿರಿಂತ್ ಕೆಲಸ ಶುರು ಮಾಡುತ್ತದೆ, ಆಗ ನೀರಿನ ಮೇಲಿನ ಗಾಳಿ ಬೆಚ್ಚಗೆ, ತೇವವಾಗಿ ಇರಬೇಕು. ಡಿಸೆಂಬರಿನ ಮೈಸೂರು ರಾತ್ರಿಗೆ ಮುಚ್ಚಳದ ಜೊತೆ ಹೀಟರೂ ಬೇಕು. ನಾನು 26 ಡಿಗ್ರಿಗೆ ಇಡುತ್ತೇನೆ. ಫಿಲ್ಟರು ಸ್ಪಾಂಜಿನದ್ದು, ಗಾಳಿ ಸಣ್ಣಗೆ. ನೀರು ಜೋರಾಗಿ ಸುತ್ತಿದರೆ ಗೂಡು ಒಡೆದುಹೋಗುತ್ತದೆ.

ಒಂದು ಸಂಕಟದ ವಿಷಯ. ಜೌಗು ಕಾಡಿನ ಬೆಟ್ಟಾಗಳಲ್ಲಿ ಎಷ್ಟೋ ಜಾತಿ ಒಂದೊಂದು ಸಣ್ಣ ಪ್ರದೇಶಕ್ಕೆ ಸೀಮಿತ. ಮಲೇಷ್ಯಾದ ಜೊಹೊರ್ ಕಡೆಯ ಪರ್ಸೆಫೊನ್ ಅಂಥದ್ದು, ಅಳಿವಿನ ಅಂಚಿಗೆ ಬಂದಿದೆ. ಜೌಗು ಬತ್ತಿಸಿ ತಾಳೆ ಎಣ್ಣೆಯ ತೋಟ ಮಾಡುವುದು ಇದಕ್ಕೆ ದೊಡ್ಡ ಕಾರಣ. ಆ ಎಣ್ಣೆಯನ್ನು ಜಗತ್ತಿನಲ್ಲೇ ಅತಿ ಹೆಚ್ಚು ತರಿಸಿಕೊಳ್ಳುವ ದೇಶ ನಮ್ಮದು. ನಮ್ಮ ಬೀದಿ ಕೊನೆಯ ಬೋಂಡಾ ಬಾಣಲೆಯಲ್ಲಿ ಕಾಯುವುದೂ ಅದೇ ಪಾಮ್ ಎಣ್ಣೆ. ನಾನೂ ತಿನ್ನುತ್ತೇನೆ.

ಈಗ ಮರಿಗಳು ಅರ್ಧ ಇಂಚು ದಾಟಿವೆ. ಬೇಕು ಅಂದವರಿಗೆ ಸುಮ್ನೆ ಕೊಡುತ್ತೇನೆ, ಜೊತೆಗೆ ಒಂದು ಕಟ್ಟು ಬಾದಾಮಿ ಎಲೆಯೂ ಸಿಗುತ್ತದೆ. ಷರತ್ತು ಎರಡು. ತೊಟ್ಟಿಗೆ ಮುಚ್ಚಳ ಇರಬೇಕು, ಲೋಟ ಆಗುವುದಿಲ್ಲ. ಸಾಕಾಯಿತು ಅಂದಾಗ ಕುಕ್ಕರಹಳ್ಳಿ ಕೆರೆಗೋ ನಾಲೆಗೋ ಬಿಡಬಾರದು, ನನಗೇ ವಾಪಸ್ ತಂದುಕೊಡಬೇಕು. 1952ರಲ್ಲಿ ಹೊರಗಿಂದ ತಂದ ತಿಲಾಪಿಯಾ ನಮ್ಮ ಕೆರೆಗಳಲ್ಲಿ ಏನು ಮಾಡಿದೆ ಅಂತ ಬೆಸ್ತರನ್ನು ಕೇಳಿ ನೋಡಿ. ಭಾನುವಾರ ಬನ್ನಿ, ಅವತ್ತು ಹೊಲಿಗೆ ಇರುವುದಿಲ್ಲ. ಡಬ್ಬ ನೀವೇ ತನ್ನಿ, ನಮ್ಮನೆ ಉಪ್ಪಿನಕಾಯಿ ಜಾಡಿಗಳನ್ನೆಲ್ಲ ಅತ್ತೆ ಆಗಲೇ ಎತ್ತಿಟ್ಟುಬಿಟ್ಟಿದ್ದಾರೆ.