213 ಓಟಿನ ಪಾಠ

2019ರ ಜುಲೈ 19, ಶುಕ್ರವಾರ. ಅವತ್ತು ನಾನು ಲೋಕಸಭೆಯ ರಚನೆ ಬಗ್ಗೆ ಪಾಠ ಮಾಡಬೇಕಿತ್ತು. ಬಿ.ಎ. ಐದನೇ ಸೆಮಿಸ್ಟರ್, ರಾಯಚೂರು ಜಿಲ್ಲೆಯ ಒಂದು ಪದವಿ ಕಾಲೇಜು. ಮಕ್ಕಳೆಲ್ಲ ಸುತ್ತಲಿನ ಹಳ್ಳಿಗಳಿಂದ ಬಸ್ಸಿಗೆ ಬರುವವರು. ಹಿಂದಿನ ಎರಡು ಸಾಲಿನವರ ತಲೆ ಮೇಲೆ ಏಳುತ್ತಲೇ ಇರಲಿಲ್ಲ. ಡೆಸ್ಕಿನ ಕೆಳಗೆ ಮೊಬೈಲ್‌ನಲ್ಲಿ ವಿಧಾನಸಭೆ ಓಡುತ್ತಿತ್ತು. ಆಡಳಿತ ಪಕ್ಷಗಳ ಹಲವು ಶಾಸಕರು ರಾಜೀನಾಮೆ ಕೊಟ್ಟಿದ್ದರು, ರಾಜ್ಯದ ಸಮ್ಮಿಶ್ರ ಸರ್ಕಾರಕ್ಕೆ ಬಹುಮತ ಉಳಿದಿದೆಯೋ ಇಲ್ಲವೋ ಅಂತ ಅಲ್ಲಿ ಚರ್ಚೆ ನಡೆದಿತ್ತು.

ಬೈಯಬೇಕು ಅಂತ ಹೋದೆ. ಅಷ್ಟರಲ್ಲಿ ಒಬ್ಬ ಹುಡುಗ ಎದ್ದು ನಿಂತ. "ಮೇಡಂ, ಒಂದೂವರಿ ಒಳಗ ಬಹುಮತ ತೋರಸ್ರಿ ಅಂತ ರಾಜ್ಯಪಾಲರು ಪತ್ರ ಕೊಟ್ಟಾರಂತ. ಸದನ ನಡದಾಗ ಅವ್ರು ಹಂಗ ಹೇಳಬಹುದೇನ್ರಿ?"

ರಾಜ್ಯಪಾಲರ ಅಧಿಕಾರಗಳನ್ನು ನಾನು ವರ್ಷವರ್ಷ ಬರೆಸಿದ್ದೇನೆ. ಯಾರೂ ಹೀಗೆ ಕೇಳಿರಲಿಲ್ಲ. ಲೋಕಸಭೆಯನ್ನು ಅಲ್ಲೇ ಬಿಟ್ಟೆ. ಎಸ್.ಆರ್. ಬೊಮ್ಮಾಯಿ ಪ್ರಕರಣ ಹೇಳಿದೆ. 1989ರಲ್ಲಿ ನಮ್ಮದೇ ರಾಜ್ಯದಲ್ಲಿ ಮುಖ್ಯಮಂತ್ರಿ ಬೊಮ್ಮಾಯಿಯವರ ಸರ್ಕಾರ ವಜಾ ಆಗಿದ್ದು, ಬಹುಮತ ಇದೆಯೋ ಇಲ್ಲವೋ ಅನ್ನೋದು ಸದನದಲ್ಲೇ ತೀರ್ಮಾನ ಆಗಬೇಕು ಅಂತ 1994ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು. ಹಿಂದಿನ ವರ್ಷ ಮೇ ತಿಂಗಳಲ್ಲಿ ಆಗಿನ ಹೊಸ ಸರ್ಕಾರಕ್ಕೆ ರಾಜ್ಯಪಾಲರು ಕೊಟ್ಟ 15 ದಿನವನ್ನು ಅದೇ ಕೋರ್ಟ್ ಕಡಿಮೆ ಮಾಡಿ, 19ನೇ ತಾರೀಖಿಗೇ ಬಹುಮತ ತೋರಿಸಿ ಅಂದಿದ್ದು. ಅರ್ಧ ಗಂಟೆ ಯಾರ ತಲೆಯೂ ಕೆಳಗೆ ಹೋಗಲಿಲ್ಲ.

ಆಮೇಲೆ ನಾನೊಂದು ತಪ್ಪು ಮಾಡಿದೆ. "ಯಾರದು ಸರಿ ಮೇಡಂ?" ಅಂತ ಯಾರೋ ಕೇಳಿದರು. ನನಗನಿಸಿದ್ದನ್ನು ಹೇಳಿಬಿಟ್ಟೆ. ಹೇಳಿ ಮುಗಿಸುವಷ್ಟರಲ್ಲಿ ಮುಂದಿನ ಸಾಲಿನ ಹುಡುಗಿಯರು ಅದನ್ನು ನೋಟ್ಸಿನಲ್ಲಿ ಬರೆದುಕೊಂಡಾಗಿತ್ತು. ಪರೀಕ್ಷೆಗೆ ಬರೆಯಬೇಕಾದ ಉತ್ತರ ಅನ್ನುವ ಹಾಗೆ. ಅದನ್ನು ನೋಡಿ ಎದೆ ಧಸಕ್ ಅಂತು. ಹೊಡೆದು ಹಾಕಿ ಅಂದೆ. ಹೊಡೆದು ಹಾಕಿದರು. ಆದರೆ ಹೇಳಿದ ಮಾತು ಹೇಳಿದ ಹಾಗೆಯೇ, ಅಲ್ವಾ? ಆ ಸಂಜೆಯೇ ಒಬ್ಬ ಹುಡುಗನ ದೊಡ್ಡಪ್ಪ ಫೋನ್ ಮಾಡಿದರು. "ಮೇಡಂ, ಪಾಠ ಮಾಡ್ರಿ, ರಾಜಕೀಯ ಬ್ಯಾಡ್ರಿ. ನಮ್ಮ ಹುಡುಗ ಮೊದಲ ಎಲೆಕ್ಷನ್ ಅಂದ್ರ ಮನಿ ಬಿಟ್ಟು ತಿರಗ್ತಾನ." ನೋವಾಯಿತು. ಆದರೂ ಅವರ ಭಯ ಸುಳ್ಳಲ್ಲ. ಚುನಾವಣೆ ಬಂದರೆ ಬೈಕಿಗೆ ಬಾವುಟ ಕಟ್ಟಿಸಿ ಓಡಾಡಿಸುವುದು ಇದೇ ಮಕ್ಕಳನ್ನ.

ಶನಿವಾರ ಬೇರೆ ರೀತಿ ಹೋದೆ. ಸಂವಿಧಾನದ ಎರಡು ಭಾಗ ಝೆರಾಕ್ಸ್ ಮಾಡಿಸಿದೆ. ಒಂದು 190ನೇ ವಿಧಿ. ಶಾಸಕರು ರಾಜೀನಾಮೆ ಕೊಟ್ಟರೆ ಅದು ಮನಸಾರೆ ಕೊಟ್ಟಿದ್ದೋ, ನಿಜವಾದದ್ದೋ ಅಂತ ಸ್ಪೀಕರ್ ನೋಡಬೇಕು ಅನ್ನುವ ಮಾತು ಅದರಲ್ಲಿದೆ. ಇನ್ನೊಂದು ಹತ್ತನೇ ಅನುಸೂಚಿ, 1985ರ ಪಕ್ಷಾಂತರ ನಿಷೇಧದ್ದು. ಸ್ವಇಚ್ಛೆಯಿಂದ ಪಕ್ಷ ಬಿಟ್ಟರೂ, ವಿಪ್ (ಹೀಗೇ ಓಟು ಹಾಕಿ ಅಂತ ಪಕ್ಷ ತನ್ನ ಶಾಸಕರಿಗೆ ಕೊಡುವ ಆದೇಶ) ಮೀರಿ ಓಟು ಹಾಕಿದರೂ ಅನರ್ಹತೆ. ತರಗತಿಯನ್ನು ಎರಡು ಗುಂಪು ಮಾಡಿದೆ. ಒಂದು ಗುಂಪು ರಾಜೀನಾಮೆ ಅಂಗೀಕರಿಸಿ ಅಂತ ವಾದಿಸಬೇಕು, ಇನ್ನೊಂದು ಅನರ್ಹ ಮಾಡಿ ಅಂತ. ಯಾವ ಪಕ್ಷದ ಕಡೆ ಒಲವು ಇದೆಯೋ ಅದಕ್ಕೆ ವಿರುದ್ಧದ ಗುಂಪಿಗೆ ಸೇರಬೇಕು. ಅನುಸೂಚಿಯ ಸಾಲು ಹೇಳದೆ ಯಾವ ನಾಯಕರ ಹೆಸರೂ ಎತ್ತುವ ಹಾಗಿಲ್ಲ.

ಮೊದಲು ಗಲಾಟೆಯೇ ಆಯಿತು. ಕಾಗದ ಕೈಯಲ್ಲಿದ್ದರೂ ಯಾರೂ ಓದಲಿಲ್ಲ. ಆಮೇಲೆ ಸ್ಪೀಕರ್ ಆಗಿ ಕೂತ ಹುಡುಗಿ "ಯಾವ ಸಾಲು? ಓದಿ ಹೇಳ್ರಿ" ಅಂತ ಗದರತೊಡಗಿದಳು. ಮೆಲ್ಲಗೆ ಎಲ್ಲರ ಕಣ್ಣು ಕಾಗದಕ್ಕೆ ಇಳಿಯಿತು. ಸುಮ್ನೆ ಕೂರುತ್ತಿದ್ದ ಒಬ್ಬ ಹುಡುಗ ಹೇಳಿದ: "ಪಕ್ಷ ಬಿಡ್ತೀನಂತ ಬಾಯಿಲೆ ಹೇಳಬೇಕಂತಿಲ್ರಿ. ನಡತಿ ನೋಡಿದ್ರೂ ಗೊತ್ತಾಗ್ತದ." ಕೋರ್ಟುಗಳು ಹೇಳಿಕೊಂಡು ಬಂದಿರುವುದೂ ಅದನ್ನೇ. ಅವನಿಗೆ ನಾನದನ್ನು ಹೇಳಿಕೊಟ್ಟಿರಲಿಲ್ಲ.

ಕೊನೆಗೆ ಮಸ್ಕಿ ಕಡೆಯ ಹಳ್ಳಿಯ ಹುಡುಗಿ ಕೈ ಎತ್ತಿದಳು. ರಾಜೀನಾಮೆ ಕೊಟ್ಟವರಲ್ಲಿ ಮಸ್ಕಿ ಶಾಸಕರೂ ಇದ್ದರು. "ಮೇಡಂ, ನಮ್ಮ ಕ್ಷೇತ್ರದಾಗ ಅವ್ರು ಗೆದ್ದಿದ್ದು 213 ಓಟಿಲೆ. ಅಷ್ಟು ಓಟು ನಮ್ಮ ಓಣ್ಯಾಗ ಅದಾವ್ರಿ. ನಾವು ಹಾಕಿದ್ದು ಪಕ್ಷಕ್ಕೋ, ಅವ್ರಿಗೋ?"

ಈ ಕಾನೂನಿನ ಹೊಟ್ಟೆಯೊಳಗಿನ ಪ್ರಶ್ನೆಯೇ ಅದು. ಪಕ್ಷಕ್ಕೆ ಹಾಕಿದ ಓಟು ಅಂದರೆ ಪಕ್ಷ ಬಿಟ್ಟವರು ಕುರ್ಚಿ ಬಿಡಬೇಕು. ಮನುಷ್ಯನಿಗೆ ಹಾಕಿದ್ದು ಅಂದರೆ ವಿಪ್ ಯಾಕೆ ಬೇಕು? ನನಗೆ ಉತ್ತರ ಗೊತ್ತಿಲ್ಲ ಅಂದೆ. ಮನೆಯಲ್ಲಿ ಕೇಳಿಕೊಂಡು ಬಾ, ಆದರೆ ಯಾವ ಪಕ್ಷ ಅಂತ ಕೇಳಬೇಡ, ಯಾಕೆ ಹಾಕಿದಿರಿ ಅಂತ ಮಾತ್ರ ಕೇಳು ಅಂದೆ. ಸೋಮವಾರ ಬಂದಳು. ಅವರಜ್ಜಿ ಹೇಳಿದ್ದು ಒಂದೇ ಮಾತು: "ನೀರು ಕೊಡ್ತೀನಿ ಅಂದೋರಿಗೆ ಹಾಕೀನಿ."

23ರ ಸಂಜೆ ವಿಧಾನಸಭೆಯಲ್ಲಿ ವಿಶ್ವಾಸಮತದ ನಿರ್ಣಯವನ್ನು ಮತಕ್ಕೆ ಹಾಕಿದರು. ಸರ್ಕಾರದ ಪರ 99, ವಿರುದ್ಧ 105. ಮರುದಿನ ನಾನು ಬರುವ ಮೊದಲೇ ಬೋರ್ಡಿನ ಮೇಲೆ ಲೆಕ್ಕ ನಡೆದಿತ್ತು. ನಾಮಕರಣ ಸದಸ್ಯರೂ ಸೇರಿ ಸದನದ ಬಲ 225, ಓಟು ಬಿದ್ದದ್ದು 204. ಹಾಜರಿದ್ದು ಓಟು ಹಾಕಿದವರಲ್ಲಿ ಜಾಸ್ತಿ ಇದ್ದರೆ ಸಾಕು ಅನ್ನೋದನ್ನು ಅವತ್ತು ಯಾರಿಗೂ ಬಾಯಿಪಾಠ ಮಾಡಿಸಬೇಕಾಗಲಿಲ್ಲ. ಆ ತಿಂಗಳ ಕೊನೆಗೆ 17 ಶಾಸಕರನ್ನು ಸ್ಪೀಕರ್ ಅನರ್ಹ ಮಾಡಿದರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆ ಸರಿ ಅಂತು. ಆದರೆ ಆ ವಿಧಾನಸಭೆ ಮುಗಿಯುವ ತನಕ ನಿಲ್ಲಬಾರದು ಅಂತ ಸ್ಪೀಕರ್ ಅಂದಿದ್ದು ಸರಿಯಲ್ಲ, ಮತ್ತೆ ಚುನಾವಣೆಗೆ ನಿಲ್ಲಬಹುದು ಅಂತು. ನಮ್ಮ ತರಗತಿಯ ಎರಡೂ ಗುಂಪಿನವರು ಗೆದ್ದೆವು ಅಂದುಕೊಂಡರು.

ಡಿಸೆಂಬರ್ 5ಕ್ಕೆ 15 ಕ್ಷೇತ್ರಗಳಲ್ಲಿ ಉಪಚುನಾವಣೆ ಆಯಿತು. ಮಸ್ಕಿಯಲ್ಲಿ ಆಗಲಿಲ್ಲ. 2018ರ ಫಲಿತಾಂಶದ ಮೇಲೆ ತಕರಾರು ಅರ್ಜಿ ಕೋರ್ಟಿನಲ್ಲಿತ್ತು. "ಹಂಗಾದ್ರ ನಮ್ಮ ಕಡಿ ಯಾರು ಕೇಳಬೇಕ್ರಿ ಮೇಡಂ?" ಅಂದಳು ಅವಳು. ಆ ಕುರ್ಚಿ 21 ತಿಂಗಳು ಖಾಲಿ ಇತ್ತು. ಅಷ್ಟರಲ್ಲಿ ಅವಳ ಡಿಗ್ರಿ ಮುಗಿಯಿತು. ಕೊರೊನಾ ಬಂತು. ಹೊಲಕ್ಕೆ ನೀರು ತರುವ 5ಎ ಕಾಲುವೆ ಬೇಕು ಅಂತ ಮಸ್ಕಿ ಕಡೆಯ ಪಾಮನಕಲ್ಲೂರಿನಲ್ಲಿ ರೈತರು ಧರಣಿ ಕೂತರು. ಸದನದಲ್ಲಿ ಅವರ ಕ್ಷೇತ್ರದ ದನಿ ಇರಲಿಲ್ಲ. ಪಠ್ಯಪುಸ್ತಕದಲ್ಲಿ 'ಸ್ಥಾನ ತೆರವಾಗುತ್ತದೆ' ಅಂತ ಒಂದು ಸಾಲು ಇರುತ್ತದೆ. ಆ ಸಾಲಿಗೆ ಇಷ್ಟು ಭಾರ ಇದೆ ಅಂತ ನನಗೇ ಗೊತ್ತಿರಲಿಲ್ಲ.

2021ರ ಏಪ್ರಿಲ್ 17ಕ್ಕೆ ಮಸ್ಕಿಯಲ್ಲಿ ಮತದಾನ ಆಯಿತು. ಮೇ 2ಕ್ಕೆ ಫಲಿತಾಂಶ. 2018ರಲ್ಲಿ ಎದುರಾಬದುರು ನಿಂತಿದ್ದ ಅದೇ ಇಬ್ಬರು ಮತ್ತೆ ನಿಂತಿದ್ದರು, ಪಕ್ಷ ಮಾತ್ರ ಅದಲು ಬದಲು. ಅಂದು 213 ಓಟಿನಿಂದ ಸೋತಿದ್ದವರು ಈ ಸಲ 30 ಸಾವಿರಕ್ಕೂ ಜಾಸ್ತಿ ಓಟಿನಿಂದ ಗೆದ್ದರು. ಅವತ್ತು ರಾತ್ರಿ ಅವಳ ಮೆಸೇಜ್ ಬಂತು. "ಮೇಡಂ, ಅಜ್ಜಿನ್ನ ಮತ್ತ ಕೇಳಿದೆ. ಅದೇ ಮಾತು ಹೇಳಿದ್ಲು ನೋಡ್ರಿ."

ಈಗಲೂ ಹತ್ತನೇ ಅನುಸೂಚಿ ಪಾಠಕ್ಕೆ ಅದೇ ಝೆರಾಕ್ಸ್ ಹಾಳೆ ಕೊಡುತ್ತೇನೆ. ಬೋರ್ಡಿನ ಒಂದು ಮೂಲೆಯಲ್ಲಿ 213, ಇನ್ನೊಂದು ಮೂಲೆಯಲ್ಲಿ 30 ಸಾವಿರ ಬರೆದು, ಯಾರಾದರೂ ಕೈ ಎತ್ತುವ ತನಕ ಸುಮ್ನೆ ನಿಂತಿರುತ್ತೇನೆ.